ಗಂಡ ಕಚೇರಿಗೆ ಬಂದರೆ ಹಗರಣವೇ?

ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ಹಡಗಲಿಯ ನಮ್ಮ ಮನೆಯಲ್ಲಿ 'ಎಲ್ಲಾ ಮೆಕೇ' ನೋಡಿದೆವು. 2025ರ ಹಾಲಿವುಡ್ ಹಾಸ್ಯಚಿತ್ರ. ನಿರ್ದೇಶಕ ಜೇಮ್ಸ್ ಎಲ್. ಬ್ರೂಕ್ಸ್, 'ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್' ಮಾಡಿ ಆಸ್ಕರ್ ಹೊತ್ತೊಯ್ದ ಆಸಾಮಿ. ಹಾಗಾಗಿ ನಗುವುದಕ್ಕೆ ಸಜ್ಜಾಗಿಯೇ ಕೂತಿದ್ದೆವು. ಮಿರ್ಚಿ ಖಾಲಿಯಾಯಿತು, ನಗು ಬರಲಿಲ್ಲ.

34ರ ನಾಯಕಿ ಎಲ್ಲಾ ದಿಢೀರನೆ ಗವರ್ನರ್ ಆಗುತ್ತಾಳೆ. ಅಮೆರಿಕದಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ. ಹೆಣ್ಣುಗಳ ಹಿಂದೆ ಬಿದ್ದ ಅಪ್ಪ, ಮನೆ ಬಿಟ್ಟು ಹೊರಡದ ತಮ್ಮ, ಹೆಂಡತಿಯ ಅಧಿಕಾರದ ರುಚಿ ಹತ್ತಿದ ಗಂಡ. ಇಷ್ಟು ಸರಕಿದ್ದೂ ಅಂಗಡಿ ಭಣಭಣ! ಚಿತ್ರಮಂದಿರಗಳೂ ಹಾಗೇ ಇದ್ದವು, ಸಿನಿಮಾ ಸೋತಿತು.

ಚಿತ್ರದಲ್ಲಿನ ದೊಡ್ಡ ಹಗರಣ ಯಾವುದು ಗೊತ್ತೇ? ಆಕೆ ಸರ್ಕಾರಿ ಕಟ್ಟಡದಲ್ಲಿ ಸ್ವಂತ ಗಂಡನ ಜೊತೆ ಏಕಾಂತದಲ್ಲಿದ್ದದ್ದು.

"ಕಟ್ಟಿಕೊಂಡ ಗಂಡನ ಜೋಡಿ ಇದ್ರ ಅದೇನು ಹಗರಣಾನೋ ತಮ್ಮಾ?" ಎಂದರು ದೊಡ್ಡವ್ವ. "ನಮ್ಮ ಕಡೆ ಅಧ್ಯಕ್ಷೆ ಗಂಡ ದಿನಾ ಪಂಚಾಯ್ತ್ಯಾಗ ಕುರ್ಚಿ ಮ್ಯಾಲ ಕುಂತಿರ್ತಾನ. ಅಧ್ಯಕ್ಷೆ ಮನ್ಯಾಗ ರೊಟ್ಟಿ ಬಡೀತಿರ್ತಾಳ!"

ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಮೀಸಲು ಕೊಟ್ಟ ರಾಜ್ಯ ನಮ್ಮದು; ಉಳಿದರ್ಧದ ಜೊತೆಗೆ ಈ ಅರ್ಧವನ್ನೂ ಗಂಡಂದಿರೇ ಸಂಭಾಳಿಸುವುದುಂಟು.

ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲು ಕಾರಣಿಕ ನುಡಿಯುತ್ತಾನೆ. ಜನ ವರ್ಷವಿಡೀ ಅದರಲ್ಲಿ ರಾಜಕೀಯದ ಅರ್ಥ ಹುಡುಕುತ್ತಾರೆ. ಬ್ರೂಕ್ಸ್ ಈ ಸಿನಿಮಾದಲ್ಲಿ ಸುಮಾರು ಎರಡು ಗಂಟೆ ನುಡಿದರೂ ಹುಡುಕಲು ಏನೂ ಸಿಗಲಿಲ್ಲ.

ಎಂ.ಪಿ. ಪ್ರಕಾಶರ ರಂಗಭಾರತಿ ನಾಟಕ ತಂಡ ಬೆಳೆದ ಊರು ನಮ್ಮ ಹಡಗಲಿ. ಇಲ್ಲಿನ ನಾಟಕದವರೇ, ಪಂಚಾಯ್ತಿ ಪತಿರಾಯರ ಮೇಲೊಂದು ಪ್ರಹಸನ ಕಟ್ಟಿರಿ. ಮೊದಲ ಸಾಲಿನ ಕುರ್ಚಿ ಮಾತ್ರ ಅಧ್ಯಕ್ಷೆಯರಿಗೇ ಇರಲಿ!