ಅಂಬಾಸಿಡರ್ ಟಾಕಿಗೆ ತಂಪು: ಮುಶಿಗೇರಿ ಬಿಸಿಲಿಗೆ ತಕ್ಕ ಕೈಪಿಡಿ

ಈ ಕೈಪಿಡಿ ಯಾರಿಗೆ?

ಮುಶಿಗೇರಿಯಲ್ಲೋ, ರೋಣ–ಗಜೇಂದ್ರಗಡದ ಸುತ್ತಲಿನ ಬೇರಾವುದೋ ಊರಲ್ಲೋ ಅಜ್ಜನ ಕಾಲದ ಅಂಬಾಸಿಡರ್ ಗಾಡಿಯನ್ನು ಮಾರಲು ಮನಸ್ಸಿಲ್ಲದೆ, ಓಡಿಸಲು ಧೈರ್ಯ ಸಾಲದೆ ಇಟ್ಟುಕೊಂಡವರಿಗೆ. ನೋಂದಣಿಯಾಗಿ 50 ವರ್ಷ ದಾಟಿದ್ದರೆ 2021ರ ಕೇಂದ್ರ ನಿಯಮದ ಪ್ರಕಾರ ಅದು ವಿಂಟೇಜ್. 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರವಿರುವ ಹೊಸ ನಂಬರು ಸಿಗುತ್ತದೆ. ದಾಟಿರದಿದ್ದರೆ ಅದು ಬರೇ ಹಳೇ ಗಾಡಿ. ಏಪ್ರಿಲ್ ತಿಂಗಳ 40 ಡಿಗ್ರಿ ಬಿಸಿಲು ಎರಡನ್ನೂ ಒಂದೇ ಸಮ ಸುಡುತ್ತದೆ.

ಮೊದಲ ಹಂತ: ಜನ ಸೇರಿಸುವುದು

ಇದಕ್ಕೆ ನೀವೇನೂ ಮಾಡಬೇಕಿಲ್ಲ. ಬಾನೆಟ್ ಎತ್ತಿ ನಿಲ್ಲಿ, ಸಾಕು. ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ಬರುತ್ತಾರೆ, ಪ್ರತಿಯೊಬ್ಬರೂ ಒಂದೊಂದು ಸಲಹೆ ತರುತ್ತಾರೆ. ಸಲಹೆ ಬಂದರೆ ಬರಲಿ, ಬೀಡಿ ಬರಬಾರದು. ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲು ಬಿಡುತ್ತದೆ, ಮುಶಿಗೇರಿಯಲ್ಲಿ ಕೇಳಬೇಕೆ? ಆ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದಾಡುತ್ತದೆ. “ಕಾಕಾ, ಬೀಡಿ ಆರಿಸ್ರಿ” ಎಂದರೆ “ಇನ್ನೊಂದ್ ಝುರಕಿ ಐತೋ ತಮ್ಮಾ” ಎಂಬ ಉತ್ತರ ಬರುತ್ತದೆ. ಆ ಝುರಕಿ ಮುಗಿಯುವವರೆಗೆ ಕೆಲಸ ನಿಲ್ಲಿಸಿ.

ಎರಡನೇ ಹಂತ: ಆರೋಪಿಯನ್ನು ಗುರುತಿಸುವುದು

ಮಟಮಟ ಮಧ್ಯಾಹ್ನ ಗಾಡಿ ಕೆಮ್ಮಿ ನಿಂತಿತೆಂದರೆ ಎಲ್ಲರ ಕಣ್ಣೂ ಪೆಟ್ರೋಲ್ ಟಾಕಿಯ ಮೇಲೆ. ಮಿಸ್ತ್ರಿ ಮಾತ್ರ ಆ ಕಡೆ ತಿರುಗಿಯೂ ನೋಡುವುದಿಲ್ಲ. “ಟಾಕಿ ಏನ್ ಮಾಡೇತ್ರಿ ಪಾಪ? ಪಂಪ್ ಕಾದೇತಿ. ಹಸಿ ಅರಬಿ ಹಾಕ್ರಿ” ಎನ್ನುತ್ತಾನೆ. ಅವನ ಮಾತು ಸರಿ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿಗೇ ಕುದಿಯತೊಡಗುತ್ತವೆ. ಎಂಜಿನ್ನಿಗೆ ಅಂಟಿಕೊಂಡೇ ಇರುವ ಹಳೇ ಪಂಪು ಟಾಕಿಯಿಂದ ಪೆಟ್ರೋಲನ್ನು ಎಳೆಯುತ್ತದೆ. ಎಳೆಯುವ ಕಡೆ ಒತ್ತಡ ಕಡಿಮೆ, ಹಾಗಾಗಿ ಕುದಿ ಇನ್ನೂ ಬೇಗ. ನಳಿಗೆಯಲ್ಲಿ ಆವಿಯ ಗುಳ್ಳೆ ಕೂತರೆ ಪಂಪು ಬರೀ ಗುಳ್ಳೆಯನ್ನೇ ಹಿಂಡುತ್ತದೆ, ಕಾರ್ಬುರೇಟರಿಗೆ ಹನಿಯೂ ತಲುಪುವುದಿಲ್ಲ. ವೇಪರ್ ಲಾಕ್ ಎಂದರೆ ಇಷ್ಟೇ. ಹಸಿಬಟ್ಟೆ ಸುತ್ತಿ, ನೆರಳಲ್ಲಿ ಚಹಾ ಕುಡಿದು ಬನ್ನಿ.

ಆಮೇಲೂ ಹೊರಡದಿದ್ದರೆ ಟಾಕಿಯ ಮುಚ್ಚಳ ತಿರುಗಿಸಿ ನೋಡಿ. ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿತೆ? ಹಾಗಿದ್ದರೆ ತಪ್ಪು ಬಿಸಿಲಿನದಲ್ಲ, ನಮ್ಮ ಎರೆಮಣ್ಣಿನ ಧೂಳಿನದು. ಪೆಟ್ರೋಲು ಕಡಿಮೆಯಾದಂತೆ ಒಳಗೆ ಗಾಳಿ ಹೋಗಲು ಒಂದು ಕಿಂಡಿ ಇರಲೇಬೇಕು. ಆ ಕಿಂಡಿ ಕಟ್ಟಿದರೆ ಟಾಕಿ ಉಸಿರು ಹಿಡಿದು ಕೂರುತ್ತದೆ. ಸೂಜಿಯಲ್ಲಿ ಚುಚ್ಚಿ ಸ್ವಚ್ಛ ಮಾಡಿ.

ಮೂರನೇ ಹಂತ: ಗೋಣಿಚೀಲವನ್ನು ದೂರ ಇಡುವುದು

ಕಟ್ಟೆಯವರ ಒಮ್ಮತದ ಸಲಹೆಯೆಂದರೆ ಟಾಕಿಗೆ ಹಸಿ ಗೋಣಿಚೀಲ ಸುತ್ತುವುದು. ಹರವಿಯ ನೀರು ತಣ್ಣಗಾಗುವ ಲೆಕ್ಕವೇ ಇಲ್ಲೂ ಇದೆ, ಇಲ್ಲವೆನ್ನಲಾಗದು. ಆದರೆ ಹರವಿ ಮಣ್ಣಿನದು, ಟಾಕಿ ತಗಡಿನದು. ತೇವ ಹಿಡಿದ ಗೋಣಿ ಹೊರಗಿನಿಂದ ತುಕ್ಕು ಹಿಡಿಸುತ್ತದೆ. ಒಳಗಿನಿಂದ ತುಕ್ಕು ಹಿಡಿಸಲು ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಹೇಗೂ ಇದೆ. ನೀರನ್ನು ಎಳೆದುಕೊಳ್ಳುವುದು ಅದರ ಗುಣ. ಹಳೇ ರಬ್ಬರ್ ನಳಿಗೆಗಳನ್ನೂ ಅದು ಬಿಡುವುದಿಲ್ಲ. ಅವನ್ನು ಮೊದಲು ಬದಲಿಸಿ.

ನಾಲ್ಕನೇ ಹಂತ: ತಗಡು ಕಟ್ಟುವುದು

ಟಾಕಿಯನ್ನು ಕಾಯಿಸುವುದು ಮೇಲಿನ ಸೂರ್ಯನಷ್ಟೇ ಅಲ್ಲ, ಗಾಡಿಯದೇ ಸೈಲೆನ್ಸರ್ ಪೈಪು ಕೂಡ. ಹಿಂದಕ್ಕೆ ಹೊಗೆ ಬಿಡಲು ಅದು ಟಾಕಿ ಇರುವ ಕಡೆಗೇ ಹೋಗಬೇಕು. ಇವೆರಡರ ನಡುವೆ ಒಂದು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡು ಬರಬೇಕು. ಮೊದಲು ರಟ್ಟಿನ ಡಬ್ಬ ಕತ್ತರಿಸಿ ಅಳತೆ ಮಾಡಿ, ಆ ರಟ್ಟಿನಂತೆ ತಗಡು ಕತ್ತರಿಸಿ. ಹೊಳೆಯುವ ಮಗ್ಗುಲು ಪೈಪಿನ ಕಡೆಗಿರಲಿ, ಕಾವನ್ನು ಬಂದ ದಾರಿಗೇ ಅಟ್ಟುವುದು ಆ ಹೊಳಪು. ತಗಡನ್ನು ಗಾಡಿಯ ಮೈಗೆ ಬಿಗಿಯಿರಿ, ಟಾಕಿಗೆ ಬೇಡ. ಟಾಕಿಯ ಹತ್ತಿರ ಡ್ರಿಲ್ಲು, ವೆಲ್ಡಿಂಗು ಎಂದರೆ ಮಿಸ್ತ್ರಿಯೇ ಕೈಮುಗಿಯುತ್ತಾನೆ. “ಖಾಲಿ ಟಾಕಿ ಐತಿ, ಏನಾಗೂದಿಲ್ಲ” ಎನ್ನುವವರನ್ನು ನಂಬಬೇಡಿ. ಆವಿ ತುಂಬಿದ ಖಾಲಿ ಟಾಕಿಯೇ ಹೆಚ್ಚು ಅಪಾಯ.

ಇಲ್ಲೊಂದು ಗುಟ್ಟಿದೆ. ಟಾಕಿಗೂ ತಗಡಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದಿ ಬಿಡಬೇಕು, ಎರಡೂ ತುದಿ ತೆರೆದಿರಬೇಕು. ಟಾಕಿಯನ್ನು ಕಾಯುವುದು ಆ ಸಂದಿಯಲ್ಲಿ ಹಾಯುವ ಗಾಳಿ. ತಗಡನ್ನು ಟಾಕಿಗೇ ಅಂಟಿಸಿದಿರೋ, ಕಾವನ್ನು ನೀವೇ ಕೈಹಿಡಿದು ಒಳಗೆ ಕರೆದಂತೆ.

ಐದನೇ ಹಂತ: ರಾಶಿ ದಾಟುವುದು

ಕಾರ್ಖಾನೆಯವರು ಬರೆದ ಕೈಪಿಡಿಗಳಲ್ಲಿ ಈ ಹಂತ ಇರಲಾರದು. ಅವರ್‍ಯಾರೂ ನಮ್ಮ ಕಡೆ ಸುಗ್ಗಿಯಲ್ಲಿ ಗಾಡಿ ಓಡಿಸಿದವರಲ್ಲ. ಕಣ ಮಾಡುವ ತಾಪತ್ರಯವೇಕೆಂದು ಹುರುಳಿಯನ್ನೋ ತೊಗರಿಯನ್ನೋ ಡಾಂಬರು ರಸ್ತೆಗೇ ಹರವಿರುತ್ತಾರೆ. ಹೋಗಿ ಬರುವ ಗಾಡಿಗಳೇ ರೋಣಗಲ್ಲು, ಡ್ರೈವರನೇ ಸಂಬಳವಿಲ್ಲದ ಆಳು. ಹುರುಳಿ ಬಳ್ಳಿ ತಿರುಗುವ ಶಾಫ್ಟಿಗೆ ಜಡೆಯಂತೆ ಸುತ್ತಿಕೊಳ್ಳುತ್ತದೆ. ಒಣಹೊಟ್ಟು ಸೈಲೆನ್ಸರಿಗೂ ತಗಡಿಗೂ ನಡುವಿನ ಸಂದಿ ಹುಡುಕಿ ಕೂರುತ್ತದೆ. ಮುಂದಿನ ಊರು ತಲುಪುವುದರೊಳಗೆ ಹೊಗೆ ಕಾಣುತ್ತದೆ. ಹೀಗೆ ರಸ್ತೆಯಲ್ಲೇ ಸುಟ್ಟು ಕರಕಲಾದ ಕಾರುಗಳ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಆಗಾಗ ಬಂದಿದೆ.

ಆದ್ದರಿಂದ ರಾಶಿ ಕಂಡರೆ ಸುತ್ತುದಾರಿ ಹಿಡಿಯಿರಿ. ದಾರಿಯೇ ಇಲ್ಲವೆಂದರೆ ದಾಟಿದ ಕೂಡಲೇ ಬಯಲಿನಲ್ಲಿ ನಿಲ್ಲಿಸಿ, ಕಣಕಿ ಬಣವೆಯ ಪಕ್ಕದಲ್ಲಿ ಖಂಡಿತ ಬೇಡ. ಎಂಜಿನ್ ಬಂದ್ ಮಾಡಿ, ಬಗ್ಗಿ ನೋಡಿ, ಕಬ್ಬಿಣದ ಕೊಕ್ಕೆಯಿಂದ ಬಳ್ಳಿ ಎಳೆಯಿರಿ. ಬರಿಗೈ ಹಾಕಿದರೆ ಪೈಪು ಪಾಠ ಕಲಿಸುತ್ತದೆ. ಮಳೆಗಾಲದಲ್ಲಿ ಟಾಕಿಗೂ ತಗಡಿಗೂ ನಡುವಿನ ಸಂದಿಗೆ ಎರೆಮಣ್ಣು ಮೆತ್ತಿ, ಒಣಗಿ ಇಟ್ಟಿಗೆಯಾಗುತ್ತದೆ. ಗಾಳಿ ಹಾಯುವುದು ನಿಲ್ಲುತ್ತದೆ. ಅದನ್ನೂ ಕೆರೆದು ತೆಗೆಯಿರಿ.

ಆರನೇ ಹಂತ: ಪೆಟ್ರೋಲ್ ಹಾಕಿಸುವುದು

ಬಂಕಿನ ಹುಡುಗ “ಫುಲ್ ಮಾಡ್ಲ್ಯಾ ರೀ?” ಎಂದರೆ ಬೇಡವೆನ್ನಿ. ಬೆಳಗಿನ ತಂಪಿನಲ್ಲಿ ಕಂಠಮಟ ತುಂಬಿಸಿದ 50 ಲೀಟರ್ ಪೆಟ್ರೋಲು 20 ಡಿಗ್ರಿ ಹೆಚ್ಚು ಕಾದರೆ ಸುಮಾರು ಒಂದು ಲೀಟರ್ ಹಿಗ್ಗುತ್ತದೆ. ಆ ಲೀಟರಿಗೆ ಟಾಕಿಯಲ್ಲಿ ಜಾಗವಿಲ್ಲದಿದ್ದರೆ ಅದು ನೆಲ ಕಾಣುತ್ತದೆ, ನೀವು ಕೊಟ್ಟ ರೊಕ್ಕವೂ. ಪೂರ್ತಿ ಖಾಲಿಯಾಗುವವರೆಗೂ ಓಡಿಸಬೇಡಿ. ತಳದ ನಾಲ್ಕು ಲೀಟರ್ ಬಲುಬೇಗ ಕಾಯುತ್ತದೆ.

ವಾರಂಟಿ

ಇಲ್ಲ. ಗಾಡಿ ತಯಾರಿಸಿದವರು ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆಯನ್ನು 2014ರಲ್ಲೇ ನಿಲ್ಲಿಸಿದ್ದಾರೆ. ದೂರುಗಳೇನಿದ್ದರೂ ಸೈಲೆನ್ಸರ್ ಆರಿದ ಮೇಲೆ ಗಾಡಿಯ ಕೆಳಗೆ ಮಲಗಿ ಹೇಳಿಕೊಳ್ಳಬಹುದು. ಹೇಗೂ ಅಲ್ಲಿ ನೆರಳಿದೆ.