ಟವೆಲ್ ಸಿದ್ಧಾಂತ: ಒಂದು ಕಾಲೇಜು ತಂಡದ ಗೋಲೋತ್ಪತ್ತಿ ವಿಚಾರ

ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಹಳಿಯ ಮಗ್ಗುಲಲ್ಲಿ ಒಂದು ಕಾಲೇಜಿದೆ. (ಹೆಸರು ಹೇಳಿದರೆ ಪ್ರಾಂಶುಪಾಲರು ಈ ಪ್ರಬಂಧಕ್ಕೆ ಮುನ್ನುಡಿ ಬರೆದುಬಿಟ್ಟಾರು, ಬೇಡ.) ಅದರ ಫುಟ್‌ಬಾಲ್ ತಂಡ ಹೋದ ವರ್ಷವಿಡೀ ಹೊಡೆದದ್ದು ಒಂದೇ ಗೋಲು, ಅದೂ ತನ್ನದೇ ಬಲೆಗೆ. ಅದೇ ತಂಡ ಈ ವರ್ಷ ಕೆಜಿಎಫ್‌ನಲ್ಲಿ ಒಂದೇ ಸಂಜೆ ಐದು ಗೋಲು ಹೊಡೆಯಿತು. ಕಾರಣವಿಲ್ಲದೆ ಕಾರ್ಯವಿಲ್ಲವಾದ್ದರಿಂದ ಜಿಜ್ಞಾಸೆ ಅನಿವಾರ್ಯ.

ಪೂರ್ವಪಕ್ಷದಲ್ಲಿ ಮೊದಲು ಭೂಗರ್ಭವಾದಿಗಳು. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ಕೊನೆಗಾಲದಲ್ಲಿ ಟನ್ನುಗಟ್ಟಲೆ ಕಲ್ಲು ಅರೆದರೂ ಸಿಗುತ್ತಿದ್ದದ್ದು ಗ್ರಾಂ ಲೆಕ್ಕದ ಚಿನ್ನ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ತಂಡದ ಹಳೆಯ ಆಟವೂ ಹೀಗೇ, ಮಣದಷ್ಟು ಒದೆತಕ್ಕೆ ಗುಲಗಂಜಿಯಷ್ಟೂ ಫಲವಿಲ್ಲ. ಅರೆದುಳಿದ ಪುಡಿಗೆ ಸೈನೈಡ್ ಹಾಕಿ ಮತ್ತೆ ಚಿನ್ನ ತೆಗೆಯುತ್ತಿದ್ದ ಅಜ್ಜಂದಿರಂತೆ, ಮೊಮ್ಮಕ್ಕಳು ಗೋಲಿಯ ಕೈಜಾರಿದ ಚೆಂಡಿನಿಂದ ಗೋಲು ತೆಗೆಯುತ್ತಿದ್ದಾರಂತೆ. ವಾದ ಎಷ್ಟು ಚೆನ್ನಾಗಿದೆಯೆಂದರೆ ಸುಳ್ಳೆನ್ನಲು ಮನಸ್ಸಾಗುವುದಿಲ್ಲ. ಆದರೆ ಐದರಲ್ಲಿ ಅಂಥ ಗೋಲು ಒಂದೇ.

ಸೈನೈಡ್ ದಿಬ್ಬದ ಧೂಳು ಎದುರಾಳಿ ಗೋಲಿಯ ಕಣ್ಣಿಗೆ ಬಿತ್ತೆನ್ನುವವರು, ಅರ್ಧ ಆಟಕ್ಕೆ ತಂಡಗಳು ಬದಿ ಬದಲಿಸುತ್ತವೆಂಬುದನ್ನು ಮರೆತಿದ್ದಾರೆ. ಬಂಗಾರಪೇಟೆ ಪಾನಿಪುರಿಯ ಆ ತಿಳಿನೀರಿನಲ್ಲೇ ಶಕ್ತಿಯಿದೆ ಎಂಬ ವಾದವನ್ನು ಈ ಲೇಖಕ ಸ್ವತಃ ನಾಲ್ಕು ಪ್ಲೇಟು ಪರೀಕ್ಷಿಸಿದ್ದಾನೆ, ಓಡಲು ಆಗಲಿಲ್ಲ.

ನಿಯಮವಾದಿಗಳು 1925ನ್ನು ಮುಂದೊಡ್ಡುತ್ತಾರೆ. ಆಫ್‌ಸೈಡ್ ತಪ್ಪಿಸಲು ಮುಂದೆ ಮೂವರು ಎದುರಾಳಿಗಳು ಬೇಕಿಲ್ಲ, ಇಬ್ಬರು ಸಾಕು ಎಂದದ್ದೇ ತಡ, ಇಂಗ್ಲೆಂಡಿನ ಮೊದಲ ಡಿವಿಷನ್ನಿನ ಗೋಲುಗಳು ಒಂದೇ ವರ್ಷದಲ್ಲಿ 1,192ರಿಂದ 1,703ಕ್ಕೆ ಏರಿದವು. ಸರಿ. ಆದರೆ ನಮ್ಮ ಹುಡುಗರಿಗೆ ಹಳೆಯ ನಿಯಮವೂ ಗೊತ್ತಿಲ್ಲ, ಹೊಸದೂ ಗೊತ್ತಿಲ್ಲ.

ಇನ್ನು ಸಿದ್ಧಾಂತ. ಬೆಂಗಳೂರಿನ ರೈಲು ಮಾರಿಕುಪ್ಪಂನಲ್ಲಿ ಹುಟ್ಟುತ್ತದೆ. ಅಲ್ಲಿ ಹತ್ತುವವನಿಗೆ ಸೀಟು ಖಚಿತ, ಕೂತವನು ಏಳುವುದಿಲ್ಲ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಡಬ್ಬಿ ತುಂಬಿರುತ್ತದೆ. ಇಲ್ಲಿ ಹತ್ತುವವನು ರೈಲು ನಿಲ್ಲುವ ಮೊದಲೇ ಓಡಬೇಕು, ಯಾರು ಏಳುತ್ತಾರೆಂದು ಕಿಟಕಿಯಾಚೆಯಿಂದಲೇ ಊಹಿಸಬೇಕು, ಖಾಲಿಯಾಗಲಿರುವ ಜಾಗಕ್ಕೆ ಟವೆಲ್ ಎಸೆದು, ಮೊಣಕೈಗಳ ನಡುವೆ ನುಸುಳಿ, ಟವೆಲ್ಲಿನ ಹಿಂದೆಯೇ ತಾನೂ ಬೀಳಬೇಕು. ಕೋಚ್‌ಗಳು ಇದನ್ನೇ ಥ್ರೂ ಪಾಸ್ ಎನ್ನುತ್ತಾರೆ. ಟವೆಲ್ ಬೀಳುವ ಮೊದಲೇ ಕೂತರೆ ಜಗಳ, ಅದು ಆಫ್‌ಸೈಡ್.

ಹೋದ ವರ್ಷ ಮುಂಪಡೆಯ ಮೂವರೂ ಮಾರಿಕುಪ್ಪಂನವರು. ಎಲ್ಲಿ ನಿಲ್ಲಿಸಿದರೆ ಅಲ್ಲೇ, ಕಿಟಕಿ ಪಕ್ಕ ಕೂತಂತೆ. ಈ ವರ್ಷ ಯಾರಿಗೋ ಕಾಲು ಉಳುಕಿ, ಇನ್ಯಾರಿಗೋ ಹಾಜರಾತಿ ಸಾಲದೆ, ಬಂಗಾರಪೇಟೆಯ ಮೂವರು ಮುಂದೆ ಬಂದರು. ಮಾರಿಕುಪ್ಪಂನವರು ಹಿಂದೆ ಸರಿದು ಅಪ್ರತಿಮ ರಕ್ಷಕರಾದರು. ಕೂತ ಜಾಗ ಬಿಟ್ಟುಕೊಡುವುದು ಅವರ ರಕ್ತದಲ್ಲೇ ಇಲ್ಲ.

ಇಷ್ಟಾಗಿಯೂ ಆ ಸಂಜೆ ತಂಡ ಸೋತದ್ದು 5–6ರಲ್ಲಿ. ಗೋಲಿ ಬಸ್ಸಿನಲ್ಲಿ ಬರುವ ಹುಡುಗ. ಒಳಗೆ ಬನ್ನಿ, ಇನ್ನೂ ಜಾಗ ಇದೆ ಎಂದು ಕಂಡಕ್ಟರ್ ಹೇಳುವುದನ್ನು ಕೇಳಿ ಬೆಳೆದವನು.