ದಿಲ್ಲಿ ಪಾರ್ಟಿ ಬರತೈತಿ

"ಏನವಾ, ಮುಂಜಾನೆಯಿಂದ ಶೇಂಗಾ ಹುರಿಯೂ ವಾಸನಿ ಕಂಪೌಂಡ್ ದಾಟಿ ಬರಾಕತ್ತೈತಿ. ಬೀಗರು ಬರಾಕತ್ತಾರೇನು?"

ಬೀಗರಾದ್ರ ಎಷ್ಟೋ ಪಾಡಿತ್ರಿ ಕಾಕು. ಬೀಗರು ಮುನಿಸಿಕೊಂಡ್ರ ಮುಂದಿನ ಲಗ್ನದಾಗ ಸಮಾಧಾನ ಮಾಡಬಹುದು. ಇವರು ದಿಲ್ಲಿ ಪಾರ್ಟಿ, ನಮ್ಮ ಅಡತಿ ಅಂಗಡಿಗೆ ಮಣೂಕ ಖರೀದಿಗೆ ಬರೂವರು. ಇಳಿಯೂದು ಗಾಂಧಿ ಚೌಕದ ಲಾಡ್ಜಿನ್ಯಾಗ, ಊಟ ಮಾತ್ರ ನಮ್ಮ ಮನ್ಯಾಗ ಅಂತ ನಮ್ಮನಿಯವರು ಫೋನಿನ್ಯಾಗ ಹೇಳೇ ಬಿಟ್ಟಾರ. ಹೇಳೂ ಬಾಯಿ ಅವರದು, ರೊಟ್ಟಿ ಬಡಿಯೂ ಕೈ ನಂದು.

ಮೊದಲ ಹಿಂಗ ಇರಲಿಲ್ರಿ. ದೊಡ್ಡ ಹೋಟೆಲಿಗೆ ಕರಕೊಂಡು ಹೋಗತಿದ್ರು. ಪನೀರ್, ನಾನ್, ಮ್ಯಾಲ ಐಸ್‌ಕ್ರೀಮ್. ದಿಲ್ಲಿಯವರಿಗೆ ಪನೀರ್ ತಿನಸಾಕ ವಿಜಯಪುರಕ ಕರಸಬೇಕೇನ್ರಿ? ಬಿಲ್ಲು ನೋಡಿದ ನಮ್ಮ ಲೆಕ್ಕದ ಹುಡುಗ, "ಊಟದ ಮ್ಯಾಲಿನ ಜಿಎಸ್‌ಟಿ ವಾಪಸ್ ಸಿಗೂದಿಲ್ರಿ" ಅಂದ. ಮರುದಿನದಿಂದ ನಮ್ಮನಿಯವರಿಗೆ ಮನಿ ಊಟದ ಮ್ಯಾಲ ಎಲ್ಲಿಲ್ಲದ ಪ್ರೀತಿ!

ಕಾಕು ನಕ್ಕರು. ಕಾಕು ಸಾಲ್ಯಾಗ ಇತಿಹಾಸ ಕಲಿಸಿ ರಿಟೈರ್ ಆದವರು. ಯಾವ ಮಾತಿಗೂ ಒಂದು ಆದಿಲ್‌ಶಾಹಿ ಉತ್ತರ ಇಟ್ಟುಕೊಂಡೇ ಇರತಾರ. "ಇದು ಈ ಊರಿಗೆ ಹೊಸಾದಲ್ಲವಾ. ಅಕ್ಬರನ ಕಡಿಂದ ಅಸದ್ ಬೇಗ್ ಅಂತ ಒಬ್ಬಾಂವ ಬಂದಿದ್ದ, ಇಬ್ರಾಹಿಂ ಆದಿಲ್‌ಶಾಹನ ದರಬಾರಕ್ಕ. ಇಲ್ಲಿಯ ಶಾಹಜಾದಿನ್ನ ಅಕ್ಬರನ ಮಗ ದಾನಿಯಾಲನಿಗೆ ಲಗ್ನಾ ಮಾಡಿಕೊಡೂ ಕೆಲಸ. ಇಲ್ಲಿಯ ಬಜಾರ ನೋಡಿ ಬೆರಗಾಗಿ ಬರದಾನ. ಹೋಗೂವಾಗ ತಂಬಾಕು, ಚಂದನ್ನ ಹುಕ್ಕಾ ಎಲ್ಲಾ ಆಗ್ರಾಕ್ಕ ಒಯ್ದ. 1604ರ ಸುಮಾರು. ಅಕ್ಬರ ಎರಡು ದಮ್ ಎಳದ, ಹಕೀಮರು ಬ್ಯಾಡ ಅಂದ್ರು. ಆದ್ರ ಉಳದ ಅಮೀರರು ಬಿಡಲಿಲ್ಲ."

ನೋಡ್ರಿ ಹಂಗಾದ್ರ! ನಾವು ಬರೇ ಶೇಂಗಾ ಹಿಂಡಿ ಕಟ್ಟಿ ಕಳಸತೀವಿ.

ಹ್ವಾದ ವರ್ಷದವರ ಕಥಿ ಕೇಳ್ರಿ. ಎಳಿ ಮುಳಗಾಯಿ ಎಣ್ಣಿಗಾಯಿ, ಮಡಕಿಕಾಳು ಪಲ್ಯ, ಕಟಕ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರು. ಅದರಾಗ ಸಣ್ಣ ಹುಡುಗ ಒಬ್ಬ ಕೆಂಪ ಖಾರಾನ ಟೊಮ್ಯಾಟೊ ಚಟ್ನಿ ಅಂತ ತಿಳಕೊಂಡು ಚಮಚಾದಿಂದ ಹೊಡದ. ಕಣ್ಣಾಗ ಮೂಗಿನ್ಯಾಗ ನೀರು. ನಾ ಮೊಸರು ತರೂದ್ರಾಗ ಹೋಳಿಗಿ ಮ್ಯಾಲಿನ ತುಪ್ಪಾನ ಕುಡಿದಿದ್ದ ಪಾಪ.

ಊಟ ಆದ ಮ್ಯಾಲ ಗೋಲ್ ಗುಂಬಜ್. ಅದು ತಪ್ಪಂಗಿಲ್ಲ. ಅಲ್ಲೊಂದು ಮಜಾ ಆತ್ರಿ. ಮ್ಯಾಲ ಗ್ಯಾಲರಿಯೊಳಗ ಆ ಪಾರ್ಟಿಯ ಇಬ್ಬರು ಪಾಲುದಾರರು ಗ್ವಾಡಿಗೆ ಆತುಕೊಂಡು ಪಿಸಿಪಿಸಿ ಅಂದ್ರಂತ, "ಇನ್ನೂ ಐದು ರೂಪಾಯಿ ಏರಿಸಿದ್ರೂ ನಮಗ ಗಿಟ್ಟತೈತಿ" ಅಂತ. ನಮ್ಮನಿಯವರು ಆಚಿ ಬಾಜೂಕ ಗ್ವಾಡಿಗೆ ಕಿವಿ ಹಚ್ಚಿ ನಿಂತಿದ್ರು! ನಡುವ ನೂರಿಪ್ಪತ್ತು ಫೂಟು ಖಾಲಿ ಜಾಗಾ, ಮಾತು ಮಾತ್ರ ಕಿವಿಯಾಗ ಬಂದು ಬಿದ್ದಂಗ. ಕೆಳಗ ಇಳದ ಮ್ಯಾಲ ನಾಕು ರೂಪಾಯಿ ಏರಿಸಿ ಕೇಳಿದ್ರು. ಒಂದು ರೂಪಾಯಿ ಯಾಕ ಬಿಟ್ರಿ ಅಂದ್ರ, "ಪೂರಾ ಐದು ಕೇಳಿದ್ರ ಸಂಶೇ ಬರತಿತ್ತು" ಅಂದ್ರು.

"ಮೊಹಮ್ಮದ್ ಆದಿಲ್‌ಶಾಹ ಕಟ್ಟಿಸಿದ್ದು ತನ್ನ ಗೋರಿ ಸಲುವಾಗಿ," ಅಂದ್ರು ಕಾಕು, "1656ರಾಗ ಅಲ್ಲೇ ಮಲಗಿದ. ಅಡತಿ ಅಂಗಡಿಗೆ ಇಷ್ಟು ಉಪಯೋಗ ಆದೀತು ಅಂತ ಕನಸಿನ್ಯಾಗೂ ಎಣಿಸಿರಲಿಕ್ಕಿಲ್ಲ."

ಖರೇ ವ್ಯಾಪಾರ ಆಗೂದು ಮಾತ್ರ ಟಿಕೋಟಾ ಕಡಿ ಶೆಡ್ಡಿನ್ಯಾಗ. ನಾನೂ ಒಂದ್ಸಲ ಹೋಗಿದ್ದೆ. ಮಾಲು ರ್ಯಾಕಿನ್ಯಾಗ ಜಾಳಿಗಿ ಮ್ಯಾಲ ನೆರಳಾಗ ಒಣಗತಿರತೈತಿ, ಎರಡು ವಾರ. ನಾಕು ಕಿಲೋ ಹಸಿ ದ್ರಾಕ್ಷಿ ಒಣಗಿದ್ರ ಒಂದು ಕಿಲೋ ಮಣೂಕ. ನಡುವ ಅಕಾಲಿಕ ಮಳಿ ಬಂದ್ರ ಬಣ್ಣ ಕೆಟ್ಟು ದರ ನೆಲಕ್ಕ. ಅವತ್ತು ಬಂದ ಪಾರ್ಟಿಯ ಹಿರಿಯ ಒಂದು ಮುಷ್ಟಿ ತಗೊಂಡ, ಬಿಗಿಯಾಗಿ ಹಿಚುಕಿದ, ಕೈ ಬಿಚ್ಚಿದ. ಕಾಳು ಬಿಡಿಬಿಡಿಯಾಗಿ ಉದುರಿದ್ವು. ಆಮ್ಯಾಲ ಎರಡು ಬಾಯಿಗೆ ಹಾಕಿ, ಕಡ್ಡಿ ಉಗುಳಿ, ಏನೂ ಮಾತಾಡಲಿಲ್ಲ. ರೈತ ಮಾತ್ರ ಅವನ ಮಾರಿನೇ ನೋಡಕೋತ ನಿಂತಿದ್ದ.

"ಅಂದ್ರ ನಿನ್ನ ಹೋಳಿಗಿಯಿಂದ ದರ ಏರೂದಿಲ್ಲ?"

ಒಂದು ಪೈಸಾನೂ ಏರೂದಿಲ್ರಿ. ಹೋಳಿಗಿ ಬ್ಯಾರೆ ಕೆಲಸಕ್ಕ. ಈ ಧಂದೇದಾಗ ಮಾಲು ಮೊದಲ ಹೋಗತೈತಿ, ರೊಕ್ಕ ಆಮ್ಯಾಲ ಬರತೈತಿ, ಬಂದ್ರ. ಹಿಂದ ಒಬ್ಬಾಂವ ನಮ್ಮ ಮನ್ಯಾಗ ಮನಸಾರೆ ಉಂಡು, ನನ್ನ ಭಾಭಿ ಅಂದು, ಒಂದು ಲಾರಿ ಮಾಲು ಉದ್ರಿ ಒಯ್ದ. ತಿಂಗಳಾದ ಮ್ಯಾಲ ಫೋನ್ ಬಂದ್. ಬಬಲೇಶ್ವರ ಕಡಿ ರೈತ ಒಬ್ಬ ಬಂದು ಇದೇ ಕಟ್ಟಿ ಮ್ಯಾಲ ಕುಂತಿದ್ದ, ನೀರು ಕೊಟ್ರೂ ಕುಡೀಲಿಲ್ಲ. ಅಡತಿಯಿಂದನ ಅವನ ರೊಕ್ಕ ಕೊಟ್ವಿ, ನನ್ನ ಪಾಟ್ಲಿ ಬ್ಯಾಂಕಿನ್ಯಾಗ ಇಟ್ಟು.

ಅವತ್ತಿನಿಂದ ಊಟ ಬಡಸಕೋತ ಪಾರ್ಟಿನ್ನ ತೂಗೂ ಕೆಲಸಾನೂ ನಂದು. ಪಾರ್ಟಿ ಎದ್ದು ಹ್ವಾದ ಮ್ಯಾಲ ನಮ್ಮನಿಯವರು ಕೇಳತಾರ, "ಹ್ಯಾಂಗ ಅನಸ್ತು?" ಬ್ಯಾಂಕಿನವರು ಸಿಬಿಲ್ ನೋಡಿದಂಗ! ನಾ ನೋಡೂದು ಸಣ್ಣ ಸಣ್ಣ ಸಂಗತಿ ರೀ. ತಾಟಿನ್ಯಾಗ ಬಿಟ್ಟು ಏಳತಾನೋ ಇಲ್ಲೋ. ಜೋಡಿ ಬಂದ ಡ್ರೈವರ್ ಉಂಡಾನೋ ಅಂತ ಕೇಳತಾನೋ ಇಲ್ಲೋ. ಆಟೋದಾಂವಗ ಹತ್ತು ರೂಪಾಯಿಗೆ ಜಗಳ ತಗದು, ನಮ್ಮ ಮುಂದ ಲಕ್ಷದ ಮಾತಾಡಿದ್ರ ನನಗ ಅವತ್ತೇ ಗೊತ್ತಾಗತೈತಿ. ಬಾಳ ಹೊಗಳೂವರ ಮ್ಯಾಲ ಸುದ್ದಾ ನನಗ ಕಣ್ಣು. ರುಚಿ ಹತ್ತಿದಾಂವ ಇನ್ನೊಂದು ರೊಟ್ಟಿ ಕೇಳತಾನ, ಭಾಷಣ ಮಾಡೂದಿಲ್ಲ.

"ನಾಳೆಯವರು ಹ್ಯಾಂಗ?"

ಹೊಸಬರು ರೀ. ಫೋನಿನ್ಯಾಗ ಬಾಳ ಸಿಹಿ ಮಾತು. ಎರಡು ಲಾರಿ ಮಾಲು ಬೇಕಂತ, ದೀಡ ತಿಂಗಳ ಉದ್ರಿ ಕೇಳಾಕತ್ತಾರ. ನೀವೂ ಮಧ್ಯಾಹ್ನ ಒಂದು ಗಂಟೆಕ್ಕ ಬರ್ರಿ ಕಾಕು. ಹೋಳಿಗಿ ಬಡಸಾಕ ಅಂತ ಹೇಳತೀನಿ. ಸಾಲ್ಯಾಗ ಮೂವತ್ತು ವರ್ಷ ಸುಳ್ಳು ಹೇಳೂ ಹುಡುಗರನ್ನ ಹಿಡದವರು ನೀವು.